ಹುಣಸೆ ಬೀಜಕ್ಕೆ ನೆನಪಿಲ್ಲ

ಓದುಗರ ಪ್ರಶ್ನೆ, ವಿಜ್ಞಾನ ಟೀಚರ್ ಉತ್ತರ

ಕಳೆದ ತಿಂಗಳು ಈ ಅಂಕಣದಲ್ಲಿ ಮೇರಿ ಕ್ಯೂರಿ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಪರಮಾಣು ಮತ್ತು ವಿಕಿರಣಶೀಲತೆಯ ಪಾಠದ ಸುತ್ತಲಿನವೇ. ಆದ್ದರಿಂದ ಈ ಸಲ ಉಳಿದ ವಿಷಯಗಳನ್ನು ಪಕ್ಕಕ್ಕಿಟ್ಟು ಇವಕ್ಕಷ್ಟೇ ಉತ್ತರ ಬರೆಯುತ್ತೇನೆ. ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವಳು ನಾನು. ಈ ಒಂದು ಪಾಠದ ಮೇಲೆ ನನಗೆ ಮೊದಲಿನಿಂದಲೂ ಹೆಚ್ಚಿನ ಮಮತೆ. ಅದರ ಕಾರಣ ಮುಂದಿನ ಒಂದು ಉತ್ತರದಲ್ಲಿ ಬರುತ್ತದೆ.

ಪ್ರಶ್ನೆ: ವಿಕಿರಣಶೀಲ ಅಯೋಡಿನ್-131ರ ಅರ್ಧಾಯು, ಅಂದರೆ ಅದರ ಪರಮಾಣುಗಳಲ್ಲಿ ಅರ್ಧ ಒಡೆದುಹೋಗಲು ಹಿಡಿಯುವ ಕಾಲ, 8 ದಿನ ಎಂದು ಓದಿದೆ. ಹಾಗಾದರೆ 16 ದಿನಕ್ಕೆ ಪೂರ್ತಿ ಮುಗಿಯಬೇಕಲ್ಲವೇ? ನಮ್ಮ ಸರ್ ಅಲ್ಲ ಎಂದು ಹೇಳಿ ಸೂತ್ರ ಬರೆಸಿದರು. ಸೂತ್ರ ಬಾಯಿಪಾಠವಾಗಿದೆ, ಆದರೆ ಯಾಕೆ ಎಂಬುದು ತಿಳಿದಿಲ್ಲ. ಇನ್ನೊಂದು ಪ್ರಶ್ನೆ. ತನ್ನ ಸರದಿ ಬಂತು ಎಂದು ಒಂದು ಪರಮಾಣುವಿಗೆ ಹೇಗೆ ಗೊತ್ತಾಗುತ್ತದೆ?
(ಹತ್ತನೇ ತರಗತಿ ವಿದ್ಯಾರ್ಥಿನಿ, ಶಿರಸಿ)

ಉತ್ತರ: ನಿನ್ನ ಎರಡನೆಯ ಪ್ರಶ್ನೆಯನ್ನು ಬಿಡಿಸಿದರೆ ಮೊದಲನೆಯದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ, ಮಗಳೇ. ಆದರೆ ಕಾಗದದ ಮೇಲೆ ಬಿಡಿಸುವುದು ಬೇಡ. ಅಮ್ಮನ ಹತ್ತಿರ ನೂರು ಹುಣಸೆ ಬೀಜ ಕೇಳು. ಚೌಕಾಬಾರ ಆಡುವುದಕ್ಕೆ ತೇಯುತ್ತೇವಲ್ಲ, ಹಾಗೆ ಒಂದೊಂದನ್ನೂ ಒಂದು ಬದಿ ಕಲ್ಲಿಗೆ ಉಜ್ಜಿ ಬಿಳಿ ಮಾಡು. ಹೊತ್ತು ಹಿಡಿಯುವ ಕೆಲಸ, ಮನೆಯಲ್ಲಿ ಇರುವವರನ್ನೆಲ್ಲ ಕೂಡಿಸಿಕೋ. ಒಂದು ಬೀಜ ಎಂದರೆ ಒಂದು ಪರಮಾಣು. ಎಲ್ಲವನ್ನೂ ಮೊರಕ್ಕೆ ಹಾಕಿ ಕುಲುಕಿ ಚಾಪೆಯ ಮೇಲೆ ಚೆಲ್ಲು. ಬಿಳಿ ಮೇಲಾಗಿ ಬಿದ್ದವು ಕ್ಷಯಿಸಿದ ಪರಮಾಣುಗಳು, ಅವನ್ನು ಆರಿಸಿ ತೆಗೆದಿಡು. ಕಂದು ಮೇಲಾದವನ್ನು ಎಣಿಸಿ ಬರೆದುಕೊಂಡು ಮತ್ತೆ ಚೆಲ್ಲು.

1991ರಲ್ಲಿ ನನ್ನ ತರಗತಿಯ ನಲವತ್ತು ಮಕ್ಕಳು ತಲಾ ಐದು ಬೀಜ ತೇಯ್ದು ತಂದಿದ್ದರು. ಅಂದಿನ ಲೆಕ್ಕ ನನ್ನ ಟಿಪ್ಪಣಿ ಪುಸ್ತಕದಲ್ಲಿ ಈಗಲೂ ಇದೆ: 200, 107, 51, 27, 12, 7, 3, 3, 1. ಪ್ರತಿ ಎಸೆತಕ್ಕೂ ಹೆಚ್ಚುಕಡಿಮೆ ಅರ್ಧ ಹೋಗುತ್ತಿತ್ತು. ಯಾವುದರ ಅರ್ಧ? ಆರಂಭದ ಇನ್ನೂರರ ಅರ್ಧ ಅಲ್ಲ, ಆ ಹೊತ್ತಿಗೆ ಚಾಪೆಯ ಮೇಲೆ ಉಳಿದದ್ದರ ಅರ್ಧ. ನಿನ್ನ ಅಯೋಡಿನ್ ಕೂಡ ಹಾಗೆಯೇ. 8 ದಿನಕ್ಕೆ ಅರ್ಧ, 16ಕ್ಕೆ ಕಾಲು ಭಾಗ, 24ಕ್ಕೆ ಅರೆಕಾಲು. 80 ದಿನ ಕಳೆದ ಮೇಲೂ ಸಾವಿರಕ್ಕೆ ಸುಮಾರು ಒಂದು ಭಾಗ ಉಳಿದಿರುತ್ತದೆ.

ಆ ದಿನ ಕೊನೆಗೆ ಉಳಿದ ಒಂದು ಬೀಜ ಇನ್ನೂ ನಾಲ್ಕು ಎಸೆತದವರೆಗೆ ಕಂದು ಬದಿಯನ್ನೇ ತೋರಿಸುತ್ತ ಕೂತಿತ್ತು. ಮಕ್ಕಳೆಲ್ಲ ಎದ್ದು ನಿಂತು ಕೂಗುತ್ತಿದ್ದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಆ ಬೀಜವನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ ನೋಡಿ, "ಟೀಚರ್, ಇದರಲ್ಲಿ ಏನೂ ವಿಶೇಷ ಇಲ್ಲ" ಎಂದ. ಅವನು ಹೇಳಿದ್ದು ಅಕ್ಷರಶಃ ಸರಿ. ಐದನೆಯ ಎಸೆತಕ್ಕೆ ಅದೂ ಬಿಳಿಯಾಯಿತು. ಅಷ್ಟು ಸಲ ಉಳಿದುಕೊಂಡಿದ್ದೇನೆ, ಇನ್ನು ಹೋಗಬೇಕು ಎಂಬ ಲೆಕ್ಕ ಬೀಜಕ್ಕೆ ಇಲ್ಲ. ಅದಕ್ಕೆ ನೆನಪಿಲ್ಲ. ಪ್ರತಿ ಎಸೆತವೂ ಅದಕ್ಕೆ ಮೊದಲನೆಯ ಎಸೆತ.

ಪರಮಾಣುವಿಗೆ ವಯಸ್ಸಾಗುವುದಿಲ್ಲ ಎಂದರೆ ಇದೇ. ಎಪ್ಪತ್ತು ದಾಟಿದ ಮನುಷ್ಯನಿಗೂ ಏಳು ವರ್ಷದ ಮಗುವಿಗೂ ಮುಂದಿರುವ ದಾರಿ ಒಂದೇ ಅಳತೆಯದಲ್ಲ. ಯುರೇನಿಯಂ ಹಾಗಲ್ಲ. ಭೂಮಿ ಹುಟ್ಟಿದಾಗಿನಿಂದ ಬಂಡೆಯೊಳಗೆ ಕೂತಿರುವ ಯುರೇನಿಯಂ ಪರಮಾಣು ನಾಳೆ ಒಡೆಯುವ ಸಾಧ್ಯತೆ ಎಷ್ಟೋ, ಇಂದು ಬೆಳಿಗ್ಗೆ ಹುಟ್ಟಿದ ಅದೇ ಬಗೆಯ ಪರಮಾಣುವಿಗೂ ಅಷ್ಟೇ. ನೀನು ಕೇಳಿದ ಸರದಿ ಎನ್ನುವುದೇ ಅಲ್ಲಿ ಇಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಪಟ್ಟಿಯನ್ನು ಪ್ರಕೃತಿ ಬರೆದಿಟ್ಟಿಲ್ಲ. ಒಂದು ಪರಮಾಣುವಿನ ಬಗ್ಗೆ ಏನೂ ಹೇಳಲಾಗದು, ಕೋಟಿಗಟ್ಟಲೆ ಸೇರಿದಾಗ ಮಾತ್ರ ಲೆಕ್ಕ ಕರಾರುವಾಕ್ಕಾಗಿ ಬರುತ್ತದೆ. ಒಂದು ಗ್ರಾಂ ರೇಡಿಯಂನಲ್ಲಿ ಸೆಕೆಂಡಿಗೆ ಸುಮಾರು 3,700 ಕೋಟಿ ಪರಮಾಣುಗಳು ಒಡೆಯುತ್ತವೆ. ಅಷ್ಟು ಒಡೆದರೂ ಅದು ಅರ್ಧವಾಗಲು 1,600 ವರ್ಷ ಬೇಕು. ಒಂದು ಗ್ರಾಂನಲ್ಲಿ ಎಷ್ಟು ಪರಮಾಣುಗಳು ತುಂಬಿರಬೇಕು ಎಂದು ನೀನೇ ಅಂದಾಜು ಮಾಡು.

ಇನ್ನೊಂದು ಮಾತು. ತೇಯ್ದ ಬೀಜ ಸರಿಯಾಗಿ ಅರ್ಧಕ್ಕರ್ಧ ಬೀಳಬೇಕೆಂದಿಲ್ಲ, ಒಂದು ಬದಿಗೆ ವಾಲಬಹುದು. ಅದನ್ನು ತಪ್ಪು ಎಂದುಕೊಳ್ಳಬೇಡ. ವಾಲಿದ ಬೀಜ ಎಂದರೆ ಬೇರೆ ಅರ್ಧಾಯುವಿನ ಬೇರೆ ಧಾತು. ಲೂಡೋ ದಾಳಗಳು ಸಿಕ್ಕರೆ ಆರು ಬಿದ್ದವನ್ನು ಮಾತ್ರ ತೆಗೆಯುವ ನಿಯಮ ಮಾಡಿ ನೋಡು. ಆಗ ಅರ್ಧವಾಗಲು ನಾಲ್ಕು ಎಸೆತಕ್ಕೆ ತುಸು ಕಡಿಮೆ ಬೇಕಾಗುತ್ತದೆ. ಗ್ರಾಫ್ ಹಾಳೆಯ ಮೇಲೆ ಎರಡನ್ನೂ ಗುರುತಿಸು. ಆ ಬಾಗಿದ ಗೆರೆಯನ್ನು ನಿನ್ನ ಕೈಯಿಂದಲೇ ಎಳೆದ ಮೇಲೆ ಸರ್ ಬರೆಸಿದ ಸೂತ್ರವನ್ನು ತೆಗೆದು ಓದು.

ಪ್ರಶ್ನೆ: ಮಗಳು ಪರೀಕ್ಷೆಯಲ್ಲಿ 'ಅಣುವಿನ ನಡುವೆ ಬೀಜಕೇಂದ್ರವಿದೆ' ಎಂದು ಬರೆದಳು. ಒಂದು ಅಂಕ ಕಳೆದರು. ಪತ್ರಿಕೆಗಳೆಲ್ಲ ಅಣುಬಾಂಬ್, ಅಣುಸ್ಥಾವರ ಎಂದೇ ಬರೆಯುತ್ತವೆ. ಅವಳ ತಪ್ಪೇನು?
(ಒಬ್ಬ ತಂದೆ, ಹಾವೇರಿ)

ಉತ್ತರ: ಅಂಕ ಕಳೆದದ್ದು ಸರಿ, ಮಗಳಿಗೆ ಗೊಂದಲವಾದದ್ದೂ ಸಹಜ. ಪಠ್ಯಪುಸ್ತಕದಲ್ಲಿ ಅಣು ಎಂದರೆ ಪರಮಾಣುಗಳು ಕೂಡಿ ಆದದ್ದು. ನೀರಿನ ಒಂದು ಅಣುವಿನಲ್ಲಿ ಹೈಡ್ರೋಜನ್ನಿನ ಎರಡು, ಆಕ್ಸಿಜನ್ನಿನ ಒಂದು ಪರಮಾಣು. ಬೀಜಕೇಂದ್ರ ಇರುವುದು ಪರಮಾಣುವಿಗೆ. ಆದರೆ ಕನ್ನಡದಲ್ಲಿ ಅಣು ಎಂಬ ಮಾತು ಈ ಪಾಠಕ್ಕಿಂತ ಬಹಳ ಹಳೆಯದು. ತೀರ ಸಣ್ಣದು ಎಂಬುದಷ್ಟೇ ಅದರ ಅರ್ಥ. ಪತ್ರಿಕೆಗಳು ಆ ಹಳೆಯ ಅರ್ಥವನ್ನೇ ಹಿಡಿದುಕೊಂಡು ಬಂದಿವೆ.

ನನ್ನನ್ನು ಕೇಳಿದರೆ ಅಣುಬಾಂಬ್ ಮತ್ತು ಪರಮಾಣು ಬಾಂಬ್ ಎರಡೂ ಸರಿಹೊಂದದ ಹೆಸರುಗಳು. ಸೌದೆ ಉರಿಯುವಾಗಲೂ ಪರಮಾಣುಗಳು ಬಿಟ್ಟು ಕೂಡುತ್ತವೆ, ಆದರೆ ಆಗ ಜಾಗ ಬದಲಿಸುವುದು ಹೊರಗಿನ ಎಲೆಕ್ಟ್ರಾನುಗಳು ಮಾತ್ರ. ಬೀಜಕೇಂದ್ರಕ್ಕೆ ಬೆಂಕಿಯ ಸುದ್ದಿಯೇ ಮುಟ್ಟುವುದಿಲ್ಲ. ಕೈಗಾದಲ್ಲಿ ನಡೆಯುವುದು ಬೀಜಕೇಂದ್ರವನ್ನೇ ಸೀಳುವ ಕೆಲಸ. ಅದಕ್ಕೆ ಬೈಜಿಕ ಎಂಬ ಚೆಂದದ ಮಾತಿದೆ: ಬೈಜಿಕ ಶಕ್ತಿ, ಬೈಜಿಕ ವಿದಳನ. ನಾನು ತರಗತಿಯಲ್ಲಿ ಕೊನೆಯವರೆಗೂ ಅದನ್ನೇ ಬಳಸಿದೆ. ಬೀಜಕೇಂದ್ರ ಎಷ್ಟು ಸಣ್ಣದು ಎಂದು ಮಗಳಿಗೆ ತೋರಿಸಬೇಕೆಂದಿದ್ದರೆ ಒಂದು ಸಂಜೆ ಊರಿನ ದೊಡ್ಡ ಮೈದಾನಕ್ಕೆ ಕರೆದುಕೊಂಡು ಹೋಗಿ, ನಟ್ಟನಡುವೆ ಒಂದು ಸಾಸಿವೆ ಕಾಳು ಇಡಿ. ನೂರೈವತ್ತು ಮೀಟರ್ ಅಗಲದ ಮೈದಾನವೇ ಪರಮಾಣುವಾದರೆ ಬೀಜಕೇಂದ್ರ ಸುಮಾರು ಆ ಕಾಳಿನಷ್ಟು. ಪರಮಾಣುವಿನ ತೂಕವೆಲ್ಲ ಹೆಚ್ಚುಕಡಿಮೆ ಆ ಕಾಳಿನಲ್ಲೇ ಇರುತ್ತದೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಗೆ ಹೊಸದಾಗಿ ಬಂದ ವಿಜ್ಞಾನ ಶಿಕ್ಷಕ. ವಿಕಿರಣ ಕಣ್ಣಿಗೆ ಕಾಣುವುದಿಲ್ಲ, ಅದನ್ನು ಅಳೆಯುವ ಗೈಗರ್ ಕೌಂಟರ್ ನಮ್ಮಲ್ಲಿ ಇಲ್ಲ. ಮಕ್ಕಳಿಗೆ ಏನನ್ನು ತೋರಿಸಲಿ, ಮೇಡಂ?
(ಶಿಕ್ಷಕರು, ರಾಯಚೂರು ಜಿಲ್ಲೆ)

ಉತ್ತರ: ನನ್ನ ಬಳಿಯೂ ಗೈಗರ್ ಕೌಂಟರ್ ಇರಲಿಲ್ಲ. ಇದ್ದದ್ದು ಪೆಟ್ರೋಮ್ಯಾಕ್ಸ್ ದೀಪ. ಕರಾವಳಿಯ ಊರು ಅದು. ಮದುವೆಗೂ ಬಯಲಾಟಕ್ಕೂ ಪೆಟ್ರೋಮ್ಯಾಕ್ಸ್ ಬೇಕೇ ಬೇಕಿತ್ತು, ಅದರ ಮ್ಯಾಂಟಲ್ ಕಿರಾಣಿ ಅಂಗಡಿಯಲ್ಲೇ ಸಿಗುತ್ತಿತ್ತು. ಆ ಬಲೆಯಂತಹ ಬಟ್ಟೆಯ ಚೀಲವನ್ನು ಥೋರಿಯಂ ಲವಣದಲ್ಲಿ ಅದ್ದಿರುತ್ತಿದ್ದರು. ಬಟ್ಟೆ ಸುಟ್ಟುಹೋಗಿ ಥೋರಿಯಂ ಆಕ್ಸೈಡ್ ಉಳಿದು ಬೆಳ್ಳಗೆ ಬೆಳಗುತ್ತಿತ್ತು. ಥೋರಿಯಂ ವಿಕಿರಣಶೀಲ, ಅದರ ಅರ್ಧಾಯು ಸುಮಾರು 1,400 ಕೋಟಿ ವರ್ಷ. ನಮ್ಮ ದೇಶದಲ್ಲಿ ಅದು ಸಿಗುವುದು ಮುಖ್ಯವಾಗಿ ಸಮುದ್ರದಂಡೆಯ ಮೊನಜೈಟ್ ಮರಳಿನಿಂದ. ಕೇರಳದ ಚವರದಲ್ಲಿ ಆ ಮರಳು ಹೇರಳ, ನಮ್ಮ ಉಳ್ಳಾಲದ ದಂಡೆಯಲ್ಲೂ ಒಂದಿಷ್ಟು ಇದೆ.

1987ರ ಮಳೆಗಾಲ. ಪೇಟೆಯ ಡಾಕ್ಟರರೊಬ್ಬರ ಬಳಿ ಎಕ್ಸ್-ರೇ ಫಿಲ್ಮಿನ ಎರಡು ತುಣುಕು ಕೇಳಿ ತಂದೆ. ಕತ್ತಲಕೋಣೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಕಪ್ಪು ಕಾಗದದಲ್ಲಿ ಸುತ್ತಿಕೊಟ್ಟವರು ಸ್ಟುಡಿಯೋದವರು. ಒಂದರ ಮೇಲೆ ಶಾಲೆಯ ಬೀರುವಿನ ಚಪ್ಪಟೆ ಕೀಲಿಕೈ, ಅದರ ಮೇಲೆ ಹೊಸ ಮ್ಯಾಂಟಲ್ ಅದರ ಲಕೋಟೆಯ ಸಮೇತ. ಇನ್ನೊಂದರ ಮೇಲೆ ಕೀಲಿಕೈ ಮಾತ್ರ, ಮ್ಯಾಂಟಲ್ ಇಲ್ಲ. ಎರಡನ್ನೂ ದೂರ ದೂರದ ಎರಡು ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದೆ. ಇಪ್ಪತ್ತು ದಿನ ಕಾಯುವುದು ಮಕ್ಕಳಿಗೆ ಸಾಕುಸಾಕಾಯಿತು. ಆ ದಿನಗಳಲ್ಲೇ ಅವರಿಗೆ ಫ್ರೆಂಚ್ ವಿಜ್ಞಾನಿ ಬೆಕೆರೆಲ್ ಕತೆ ಹೇಳಿದೆ. 1896ರ ಫೆಬ್ರವರಿ ಕೊನೆ, ಪ್ಯಾರಿಸ್ಸಿನಲ್ಲಿ ಬಿಸಿಲಿಲ್ಲ. ಯುರೇನಿಯಂ ಲವಣಕ್ಕೆ ಬಿಸಿಲು ಕುಡಿಸಿದರೆ ಅದು ಕಿರಣ ಸೂಸುತ್ತದೆ ಎಂದು ನಂಬಿದ್ದ ಬೆಕೆರೆಲ್ ಮೋಡ ಕಂಡು, ಲವಣ ಇಟ್ಟಿದ್ದ ಫೋಟೋ ತಟ್ಟೆಗಳನ್ನು ಡ್ರಾಯರಿಗೆ ಸೇರಿಸಿದ. ಮಾರ್ಚ್ 1ರಂದು ಹಾಗೆಯೇ ತೊಳೆದು ನೋಡಿದರೆ ಅಚ್ಚು ಕಪ್ಪಾಗಿ ಮೂಡಿತ್ತು. ಬಿಸಿಲಿನ ಹಂಗೇ ಇಲ್ಲದೆ ಯುರೇನಿಯಂ ತಾನಾಗಿಯೇ ಏನನ್ನೋ ಹೊರಗೆ ಹಾಕುತ್ತಿತ್ತು.

ಸ್ಟುಡಿಯೋದವರು ತೊಳೆದುಕೊಟ್ಟ ಫಿಲ್ಮನ್ನು ಕಿಟಕಿಗೆ ಹಿಡಿದೆವು. ಮಸುಕು ಬೂದು ಕಲೆ, ಅದರ ನಡುವೆ ತಿಳಿಯಾಗಿ ಉಳಿದ ಕೀಲಿಕೈ, ಹಿಡಿಯ ತೂತು ಕೂಡ ಕಾಣುತ್ತಿತ್ತು. ಎರಡನೆಯ ತುಣುಕು ಪೂರ್ತಿ ಖಾಲಿ. ಮಕ್ಕಳು ಮೊದಲನೆಯದನ್ನೇ ಮತ್ತೆ ಮತ್ತೆ ಕೇಳಿ ನೋಡಿದರು. ನಾನು ಎರಡನೆಯದನ್ನು ಅವರ ಕೈಗೆ ಕೊಟ್ಟು, "ಇದು ಇಲ್ಲದಿದ್ದರೆ ಅದಕ್ಕೆ ಅರ್ಥವಿಲ್ಲ" ಎಂದೆ. ಕಾಗದದ ಮೂಲಕ ಹಾದು ಬಂದದ್ದು ಆಲ್ಫಾ ಕಣ ಅಲ್ಲ, ಅದು ಕಾಗದಕ್ಕೇ ನಿಂತುಬಿಡುತ್ತದೆ. ಬಂದದ್ದು ಬೀಟಾ ಮತ್ತು ಗ್ಯಾಮಾ, ಅವುಗಳಲ್ಲಿ ಬೀಟಾವನ್ನು ಕೀಲಿಕೈಯ ಕಬ್ಬಿಣ ತಡೆದಿತ್ತು. ಮೂರು ಬಗೆಯ ಕಿರಣಗಳ ಆ ಪಟ್ಟಿಯನ್ನು ಆ ವರ್ಷ ಯಾರಿಗೂ ಬಾಯಿಪಾಠ ಮಾಡಿಸಬೇಕಾಗಲಿಲ್ಲ.

ಆದರೂ ಇದನ್ನು ಮಾಡಿ ಎಂದು ನಿಮಗೆ ಹೇಳುವುದಿಲ್ಲ. ಫಿಲ್ಮ್ ಈಗ ಸುಲಭಕ್ಕೆ ಸಿಗದು, ಇಂದಿನ ಹಲವು ಮ್ಯಾಂಟಲ್‌ಗಳಲ್ಲಿ ಥೋರಿಯಂ ಇರುವುದೂ ಇಲ್ಲ. ಇರುವ ಹಳೆಯದು ಉರಿದಿದ್ದರೆ ಅದರ ಬೂದಿ ಮಕ್ಕಳ ಮೂಗಿಗೆ ಹೋಗಬಾರದು. ಹುಣಸೆ ಬೀಜದಿಂದ ಶುರು ಮಾಡಿ. ಆಮೇಲೆ ಗೋಲಿಯಾಟ. ಅಗಲವಾದ ರಟ್ಟಿನ ಅಡಿಯಲ್ಲಿ ಮರದ ತುಂಡೊಂದನ್ನು ಬಚ್ಚಿಟ್ಟು, ಗೋಲಿ ಹಾದುಹೋಗುವಷ್ಟು ಎತ್ತರಿಸಿ, ನಾಲ್ಕೂ ಕಡೆಯಿಂದ ಗೋಲಿ ಉರುಳಿಸಲು ಹೇಳಿ. ನೇರವಾಗಿ ಹೋದದ್ದೆಷ್ಟು, ತಿರುಗಿದ್ದೆಷ್ಟು, ಹಿಂದಕ್ಕೆ ಬಂದದ್ದೆಷ್ಟು ಎಂದು ಬರೆದುಕೊಂಡು ಒಳಗಿನ ಆಕಾರ ಊಹಿಸಲಿ. ರಟ್ಟನ್ನು ಮಾತ್ರ ಕೊನೆಯವರೆಗೂ ಎತ್ತಬೇಡಿ. ಪರಮಾಣುವಿನ ಒಳಗನ್ನು ಊಹಿಸಿದ ವಿಜ್ಞಾನಿ ರುದರ್‌ಫರ್ಡ್ ಕೂಡ ಎತ್ತಿ ನೋಡಲಿಲ್ಲ! 1909ರಲ್ಲಿ ಮ್ಯಾಂಚೆಸ್ಟರಿನ ಅವನ ಪ್ರಯೋಗಾಲಯದಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಕತ್ತಲಲ್ಲಿ ಕೂತು, ಆಲ್ಫಾ ಕಣ ಬಡಿದಾಗ ತೆರೆಯ ಮೇಲೆ ಮೂಡುವ ಮಿಣುಕುಗಳನ್ನು ಒಂದೊಂದಾಗಿ ಎಣಿಸಿದರು. ಲೋಹಕ್ಕೆ ಬಡಿದ ಆಲ್ಫಾ ಕಣಗಳಲ್ಲಿ ಎಂಟು ಸಾವಿರಕ್ಕೆ ಸುಮಾರು ಒಂದು ಹಿಂದಕ್ಕೆ ಬರುತ್ತಿತ್ತು. ಆ ಒಂದರಿಂದಲೇ 1911ರಲ್ಲಿ ಬೀಜಕೇಂದ್ರದ ಕಲ್ಪನೆ ಹುಟ್ಟಿತು.

ಪ್ರಶ್ನೆ: ಮಗನಿಗೆ ಕೈ ಮುರಿದು ಎರಡು ವಾರದಲ್ಲಿ ಮೂರು ಸಲ ಎಕ್ಸ್-ರೇ ತೆಗೆಸಿದೆವು. ಮೈಯಲ್ಲಿ ವಿಕಿರಣ ಉಳಿಯುತ್ತದೆ, ಪುಟ್ಟ ತಂಗಿಯ ಪಕ್ಕ ಮಲಗಿಸಬೇಡಿ ಎಂದು ನೆರೆಯವರು ಹೇಳುತ್ತಿದ್ದಾರೆ. ನಿಜವೇ?
(ಒಬ್ಬ ತಾಯಿ, ದಾಂಡೇಲಿ)

ಉತ್ತರ: ನಿಜವಲ್ಲ. ಇವತ್ತು ರಾತ್ರಿಯೇ ಅಣ್ಣ ತಂಗಿಯನ್ನು ಒಟ್ಟಿಗೆ ಮಲಗಿಸಿ. ಯಂತ್ರ ಆರಿಸಿದ ಕ್ಷಣಕ್ಕೆ ಎಕ್ಸ್-ಕಿರಣ ಮುಗಿಯಿತು. ದೀಪ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿಯುವುದಿಲ್ಲವಲ್ಲ, ಹಾಗೆ. ಬೇಕಿಲ್ಲದೆ ಮತ್ತೆ ಮತ್ತೆ ತೆಗೆಸಬಾರದು ಎನ್ನುವುದು ಬೇರೆ ಮಾತು, ಅದನ್ನು ಡಾಕ್ಟರರು ನೋಡಿಕೊಳ್ಳುತ್ತಾರೆ.

ನಿಮ್ಮ ಪತ್ರ ಓದಿ ನನಗೆ ನನ್ನ ಚಿಕ್ಕಮ್ಮನ ನೆನಪಾಯಿತು. 1972ರಲ್ಲಿ ಅವಳಿಗೆ ಗರ್ಭಕೋಶದ ಕ್ಯಾನ್ಸರಾಗಿ ಊರಿನಿಂದ ದೂರದ ಆಸ್ಪತ್ರೆಯಲ್ಲಿ ಕೋಬಾಲ್ಟ್ ಚಿಕಿತ್ಸೆ, ಅಂದರೆ ಹೊರಗಿನಿಂದ ಗ್ಯಾಮಾ ಕಿರಣ ಹಾಯಿಸುವ ಚಿಕಿತ್ಸೆ, ಕೊಡಿಸಿದರು. ತಿರುಗಿ ಬಂದವಳಿಗೆ ಮನೆಯಲ್ಲಿ ಬೇರೆ ತಟ್ಟೆ, ಬೇರೆ ಲೋಟ. ಅವಳ ಸೀರೆ ಒಗೆಯುವ ಕಲ್ಲೂ ಬೇರೆ. ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಮೈಯಿಂದ 'ಕರೆಂಟು' ಬರುತ್ತದೆ ಎಂದು ಅಜ್ಜಿ ಹೆದರಿದ್ದಳು. ಆ ಹಿತ್ತಾಳೆ ಲೋಟದ ಅಂಚಿಗೆ ಗುರುತಿಗಾಗಿ ಕೆಂಪು ದಾರ ಸುತ್ತಿದ್ದರು. ನಾನಾಗ ಒಂಬತ್ತನೇ ತರಗತಿ. ಗ್ಯಾಮಾ ಕಿರಣಗಳಿಗೆ ವಿದ್ಯುದಾವೇಶವಿಲ್ಲ, ರಾಶಿಯಿಲ್ಲ ಎಂದು ಬರೆದು ಪೂರ್ಣ ಅಂಕ ತಂದಿದ್ದೆ. ಆ ಲೋಟದಿಂದ ಯಾರಿಗೂ ಏನೂ ಆಗದು ಎಂದು ಅಜ್ಜಿಗೆ ಹೇಳಲು ನನಗೆ ತಿಳಿಯಲಿಲ್ಲ. ಓದಿದ್ದಕ್ಕೂ ಲೋಟಕ್ಕೂ ಸಂಬಂಧವಿದೆ ಎಂದೇ ಹೊಳೆದಿರಲಿಲ್ಲ. ಒಂದೂವರೆ ವರ್ಷದ ನಂತರ ಚಿಕ್ಕಮ್ಮ ತೀರಿಕೊಂಡಳು, ಆವರೆಗೂ ಆ ಲೋಟದಲ್ಲೇ ಕುಡಿದಳು. ನಾನು ವಿಜ್ಞಾನದ ಟೀಚರ್ ಆದದ್ದು, ಈ ಪಾಠವನ್ನು ಎಂದೂ ಅವಸರದಲ್ಲಿ ಮುಗಿಸದೆ ಇದ್ದದ್ದು ಆ ಲೋಟದಿಂದ.

ಆದ್ದರಿಂದ ಒಂದು ವ್ಯತ್ಯಾಸವನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಕಿರಣ ಮೈಮೇಲೆ ಬೀಳುವುದು ಒಂದು, ಕಿರಣ ಸೂಸುವ ವಸ್ತುವೇ ಮೈಗೆ ಹತ್ತುವುದು ಅಥವಾ ಒಳಗೆ ಹೋಗುವುದು ಇನ್ನೊಂದು. ಮೊದಲನೆಯದು ಬಿಸಿಲಿನಂತೆ, ನೆರಳಿಗೆ ಬಂದರೆ ಮುಗಿಯಿತು. ಎರಡನೆಯದು ಅರಿಶಿನದ ಪುಡಿಯಂತೆ, ಮುಟ್ಟಿದ ಕಡೆಗೆಲ್ಲ ಅಂಟಿಕೊಂಡು ಹೋಗುತ್ತದೆ. ಎಕ್ಸ್-ರೇ ಮತ್ತು ಹೊರಗಿನಿಂದ ಕೊಡುವ ಕೋಬಾಲ್ಟ್ ಚಿಕಿತ್ಸೆ ಬಿಸಿಲಿನ ಬಗೆಯವು. ಥೈರಾಯ್ಡ್ ಕಾಯಿಲೆಗೆ ವಿಕಿರಣಶೀಲ ಅಯೋಡಿನ್ ನುಂಗಿಸುತ್ತಾರಲ್ಲ, ಅದು ಅರಿಶಿನದ ಬಗೆ. ಅಲ್ಲಿ ಕೆಲವು ದಿನ ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರಿ ಎಂದು ಡಾಕ್ಟರರೇ ಹೇಳುತ್ತಾರೆ, ಅದನ್ನು ಪಾಲಿಸಲೇಬೇಕು. ಮೇರಿ ಕ್ಯೂರಿಯ ಟಿಪ್ಪಣಿ ಪುಸ್ತಕಗಳನ್ನು ಪ್ಯಾರಿಸ್ಸಿನಲ್ಲಿ ಇಂದಿಗೂ ಸೀಸದ ಪೆಟ್ಟಿಗೆಯಲ್ಲಿ ಇಟ್ಟಿರುವುದೂ ಇದೇ ಕಾರಣಕ್ಕೆ. ಅವುಗಳ ಹಾಳೆಗೆ ರೇಡಿಯಂ ಹತ್ತಿದೆ.

ಪ್ರಶ್ನೆ: ಬಾಳೆಹಣ್ಣು ವಿಕಿರಣಶೀಲ ಎಂದು ಮೊಬೈಲಿನಲ್ಲಿ ನೋಡಿದೆ. ತಿನ್ನಬಹುದೇ?
(ಎಂಟನೇ ತರಗತಿ ವಿದ್ಯಾರ್ಥಿ, ಚನ್ನಪಟ್ಟಣ)

ಉತ್ತರ: ಧಾರಾಳವಾಗಿ ತಿನ್ನು. ಬಾಳೆಹಣ್ಣಿನಲ್ಲಿ, ಎಳನೀರಿನಲ್ಲಿ, ಆಲೂಗಡ್ಡೆಯಲ್ಲಿ ಪೊಟ್ಯಾಸಿಯಂ ಇದೆ. ಎಲ್ಲ ಪೊಟ್ಯಾಸಿಯಂನಲ್ಲೂ ಹತ್ತು ಸಾವಿರ ಪರಮಾಣುವಿಗೆ ಒಂದರಷ್ಟು ವಿಕಿರಣಶೀಲ ಪೊಟ್ಯಾಸಿಯಂ-40 ಸೇರಿರುತ್ತದೆ. ದೊಡ್ಡವರೊಬ್ಬರ ಮೈಯಲ್ಲೇ ಅದು ಸೆಕೆಂಡಿಗೆ ಸುಮಾರು ನಾಲ್ಕು ಸಾವಿರ ಸಲ ಒಡೆಯುತ್ತಿರುತ್ತದೆ. ಹೆಚ್ಚಾದ ಪೊಟ್ಯಾಸಿಯಂ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಒಳಗೆ ಕೂಡಿಕೊಳ್ಳುವುದಿಲ್ಲ.

ಪ್ರಶ್ನೆ: ಬೀಟಾ ಕಣ ಎಂದರೆ ಎಲೆಕ್ಟ್ರಾನ್, ಅದು ಬೀಜಕೇಂದ್ರದಿಂದ ಬರುತ್ತದೆ ಎಂದು ಪುಸ್ತಕದಲ್ಲಿದೆ. ಬೀಜಕೇಂದ್ರದಲ್ಲಿ ಎಲೆಕ್ಟ್ರಾನ್ ಇಲ್ಲ ಎಂದೂ ಅದೇ ಪುಸ್ತಕದಲ್ಲಿದೆ. ಯಾವುದು ಸರಿ? ನಮ್ಮ ತಾತ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು, ಅವರೂ ಕೇಳಿ ನೋಡು ಎಂದರು.
(ಪಿಯುಸಿ ಮೊದಲ ವರ್ಷದ ವಿದ್ಯಾರ್ಥಿ, ಕೆಜಿಎಫ್)

ಉತ್ತರ: ಎರಡೂ ಸರಿ. ಗಂಟೆ ಬಾರಿಸಿದಾಗ ನಾದ ಬರುತ್ತದೆ, ಆದರೆ ಬಾರಿಸುವ ಮೊದಲು ನಾದ ಗಂಟೆಯೊಳಗೆ ಅಡಗಿ ಕೂತಿರಲಿಲ್ಲ. ಬೀಜಕೇಂದ್ರದ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತದೆ, ಎಲೆಕ್ಟ್ರಾನ್ ಹುಟ್ಟುವುದು ಆ ಕ್ಷಣದಲ್ಲೇ. ಕಾರ್ಬನ್-14ರಲ್ಲಿ ಆರು ಪ್ರೋಟಾನ್ ಇದ್ದದ್ದು ಏಳಾಗಿ ಅದು ನೈಟ್ರೋಜನ್ ಆಗುವುದು ಹೀಗೆ. ಎಲೆಕ್ಟ್ರಾನಿನ ಜೊತೆಗೆ ಇನ್ನೊಂದು ಕಣವೂ ಹುಟ್ಟುತ್ತದೆ. ಶಕ್ತಿಯ ಲೆಕ್ಕ ಪ್ರತಿ ಸಲ ಕಡಿಮೆ ಬೀಳುವುದನ್ನು ಕಂಡು, ಕಣ್ಣಿಗೆ ಬೀಳದ ಒಂದು ಕಣ ಅದನ್ನು ಒಯ್ಯುತ್ತಿರಬೇಕು ಎಂದು 1930ರಲ್ಲಿ ಭೌತವಿಜ್ಞಾನಿ ಪೌಲಿ ಹೇಳಿದ. ಅದೇ ನ್ಯೂಟ್ರಿನೋ. ಯಾವುದಕ್ಕೂ ತಾಕದೆ ಭೂಮಿಯನ್ನೇ ದಾಟಿ ಹೋಗುವ ಕಣ ಅದು. ಅದನ್ನು ಪ್ರಯೋಗದಲ್ಲಿ ಹಿಡಿದು ತೋರಿಸಲು 1956ರವರೆಗೆ ಕಾಯಬೇಕಾಯಿತು.

ಇನ್ನು ನಿನ್ನ ತಾತನಿಗೆ ಸೇರಿದ ಮಾತು. ಆಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗಲೂ ನ್ಯೂಟ್ರಿನೋಗಳು ಹುಟ್ಟುತ್ತವೆ. ಅವನ್ನು ಗುರುತಿಸಬೇಕೆಂದರೆ ಉಳಿದ ಕಣಗಳ ಗದ್ದಲ ಇಲ್ಲದ ಜಾಗ ಬೇಕು, ಅಂದರೆ ನೆಲದಡಿ ಬಹಳ ಆಳ. ಅಂತಹ ಜಾಗ ನಿಮ್ಮೂರಿನಲ್ಲಿತ್ತು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಪ್ರೇರಣೆಯಿಂದ 1951ರಲ್ಲೇ ಕೋಲಾರದ ಗಣಿಯೊಳಗೆ ವಿಶ್ವಕಿರಣಗಳನ್ನು ಅಳೆಯತೊಡಗಿದ್ದರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ಆ ನ್ಯೂಟ್ರಿನೋಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ಕಿದವು. ಜಗತ್ತಿನಲ್ಲಿ ಅದಕ್ಕೂ ಮೊದಲು ವಾತಾವರಣದ ನ್ಯೂಟ್ರಿನೋವನ್ನು ಯಾರೂ ಕಂಡಿರಲಿಲ್ಲ.

ಆ ಉಪಕರಣಗಳೆಲ್ಲ ಗಣಿಯ ಲಿಫ್ಟಿನಲ್ಲೇ ಕೆಳಗಿಳಿಯಬೇಕಿತ್ತು. 2001ರಲ್ಲಿ ಗಣಿ ಮುಚ್ಚಿತು, ಇಳಿಸಿದ ಕೈಗಳಲ್ಲಿ ಎಷ್ಟೋ ಈಗಿಲ್ಲ. ತಾತ ಯಾವ ಗಣಿಯಲ್ಲಿ, ಯಾವ ವರ್ಷಗಳಲ್ಲಿ ಇದ್ದರು, ವಿಜ್ಞಾನಿಗಳ ಪೆಟ್ಟಿಗೆಗಳು ಕೆಳಗೆ ಹೋದದ್ದನ್ನು ಅವರು ಕಂಡಿದ್ದಾರೆಯೇ ಎಂದು ಕೇಳಿ, ಅವರು ಹೇಳಿದಂತೆಯೇ ಬರೆದು ನನಗೆ ಕಳಿಸು.